ಮೇಷ್ಟ್ರ ಮನೆಯ ಕೆಲಸದಾಕೆ

ಮಸ್ಕತ್‌ನಲ್ಲಿದ್ದಾಗ ಒಂದು ಮನೆಯವರು ನನ್ನನ್ನು ‘ಮೇಷ್ಟ್ರೇ’ ಎಂದು ಕರೆಯುತ್ತಿದ್ದರು. ನಾನು ಓದಿದ್ದು ಇಂಡಿ ತಾಲ್ಲೂಕಿನ ತಾಂಬಾದಲ್ಲಿ, ಆರನೇ ಇಯತ್ತೆಯವರೆಗೆ. ಅಷ್ಟಾದರೂ ಓದಿದ್ದು ಅಕ್ಕ ದಿನಾ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳೆಂದು. ಅವಳು ಮದುವೆಯಾಗಿ ಸಿಂದಗಿಗೆ ಹೋದ ವರ್ಷವೇ ನಾನು ಶಾಲೆ ಬಿಟ್ಟೆ.

ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ರೊಟ್ಟಿ ಬಡಿಯುವುದನ್ನು ಕಲಿತವಳು ಅವಳು. ಹತ್ತನೇ ಇಯತ್ತೆಯನ್ನೂ ಹಾಗೇ ಮುಗಿಸಿದಳು. ಸಿಂದಗಿಯಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು. ಓಣಿಯ ಮಂದಿಯೆಲ್ಲ ಅವಳನ್ನು ‘ಅಕ್ಕೋರು’ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು.

ನಾನು ಮಸ್ಕತ್‌ಗೆ ಹೋಗಿದ್ದು ತೊಂಬತ್ತರ ದಶಕದಲ್ಲಿ, ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕೆ. ಬಟ್ಟೆಯ ಗಂಟುಗಳ ಮೇಲೆ ನನ್ನ ಗುರುತಿಗೆಂದು ಕನ್ನಡದಲ್ಲಿ ಚೀಟಿ ಬರೆದು ಸಿಕ್ಕಿಸುತ್ತಿದ್ದೆ. ಒಮ್ಮೆ ಗಂಟು ಮುಟ್ಟಿಸಲು ಹೋದಾಗ ಮನೆಯೊಡತಿ ಆ ಚೀಟಿ ನೋಡಿದರು. ಅವರು ಮೈಸೂರಿನವರು.

“ಕನ್ನಡ ಅಕ್ಷರ! ಯಾರು ಬರೆದಿದ್ದು?”

“ನಾನೇ ರೀ.”

“ಎಷ್ಟು ದುಂಡಾಗಿದೆ! ನಮ್ಮ ಮಗಳಿಗೆ ಕನ್ನಡ ಕಲಿಸೋರನ್ನ ಹುಡುಕ್ತಾ ಇದ್ದೀವಿ. ಫೋನ್ ಮಾಡಿದರೆ ಅಜ್ಜಿ ಜೊತೆ ಒಂದು ಮಾತಾಡೋಕೆ ಬರಲ್ಲ ಅವಳಿಗೆ. ನೀವು ಏನು ಓದಿದ್ದೀರಿ?”

ಅಕ್ಷರ ದುಂಡಗೆ ತಿದ್ದಿಸಿದವಳು ಅಕ್ಕ ಎಂದು ಹೇಳಬಹುದಿತ್ತು. “ಊರಲ್ಲಿ ಮೇಷ್ಟ್ರಾಗಿದ್ದೆ” ಎಂದೆ. ಮಾಸ್ತರ ಎನ್ನುವುದು ನಮ್ಮ ಕಡೆಯ ಮಾತು, ಅದನ್ನೂ ಅವರಂತೆ ತಿರುಗಿಸಿ ಹೇಳಿದೆ.

ಶುಕ್ರವಾರ ನನಗೆ ಸೂಟಿ. ಶುಕ್ರವಾರ ಬೆಳಿಗ್ಗೆ ಪಾಠ ಎಂದು ನಿಗದಿಯಾಯಿತು. ನಮ್ಮ ಕೋಣೆಯಲ್ಲಿ ಮುದ್ದೇಬಿಹಾಳದ ಒಬ್ಬ ದರ್ಜಿ ಇದ್ದ. ವಯಸ್ಸಿನಲ್ಲಿ ಹಿರಿಯ, ಎಲ್ಲರೂ ಅವನಿಗೆ ಕಾಕಾ ಎನ್ನುತ್ತಿದ್ದೆವು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟಿದ್ದನ್ನು ನೋಡಿ ನಕ್ಕ.

“ಏ ಮಾಸ್ತರ, ಆರನೇತ್ತಾ ಕಲತು ಮಾಸ್ತರಕಿ ಮಾಡಾಕ ಹೊಂಟಾವನ್ನ ಇದ ಮೊದಲ ನೋಡಾಕತ್ತೇನಿ ನೋಡು ನಾ.”

ಕಲಿಸಲು ನನಗೆ ಬರಲಿಲ್ಲ. ಎಂಟು ವರ್ಷದ ಆ ಹುಡುಗಿ ಎರಡು ಸಾಲು ಬರೆದು ಆಕಳಿಸುತ್ತಿದ್ದಳು. “ಮೇಷ್ಟ್ರೇ, ಮುಗೀತಾ?” ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದಳು. ಮೂರನೇ ವಾರಕ್ಕೆ ನನ್ನ ಬಂಡವಾಳ ಬಯಲಾಗುತ್ತದೆ ಎಂದು ಹೆದರಿ ಅಕ್ಕನಿಗೆ ಕ್ಯಾಸೆಟ್ ಕಳಿಸಿದೆ.

ಆಗ ನಾವೆಲ್ಲ ಕಾಗದಕ್ಕಿಂತ ಕ್ಯಾಸೆಟ್ಟನ್ನೇ ಹೆಚ್ಚು ಕಳಿಸುತ್ತಿದ್ದೆವು. ಟೇಪ್‌ರೆಕಾರ್ಡರ್ ಮುಂದೆ ಕುಳಿತು ಮಾತಾಡುವುದು, ನಮ್ಮ ಸೀಮೆಗೆ ರಜೆಯ ಮೇಲೆ ಹೋಗುವವರ ಕೈಯಲ್ಲಿ ಕೊಡುವುದು. ತಂದವನಿಗೆ ಅಲ್ಲಿ ಮೊದಲು ಊಟ. ಆಮೇಲೆ ಓಣಿಯ ಹೆಂಗಸರು, ಮಕ್ಕಳು ಸುತ್ತ ಕುಳಿತು ಕೇಳುತ್ತಿದ್ದರು. ಒಬ್ಬರ ಮನೆಯ ಕ್ಯಾಸೆಟ್ ಎಂದರೆ ಓಣಿಗೆಲ್ಲ ಬಂದ ಹಾಗೆ.

ಅಕ್ಕನ ಉತ್ತರ ಬಂತು. ಅವಳ ಕ್ಯಾಸೆಟ್ ಯಾವಾಗಲೂ ಒಂದೇ ಮಾತಿನಿಂದ ಶುರು.

“ತಮ್ಮಾ, ಊಟ ಆತೇನು? ಕೇಳಿಲ್ಲಿ. ಹುಡುಗಿ ಕೈಯಾಗ ಮೊದಲ ಪೆನ್ಸಿಲ್ ಕೊಡಬ್ಯಾಡ. ತಾಟಿನಾಗ ಜ್ವಾಳ ಹರವು, ಬೆರಳಿಲೆ ಬರಸು. ತಪ್ಪಿದರ ಬೈಬ್ಯಾಡ, ತಾಟು ಅಳ್ಳಾಡಿಸು. ತಪ್ಪು ತಾನ ಹೋಗತೈತಿ.”

ಆಮೇಲೆ ಒಂದೊಂದು ಅಕ್ಷರಕ್ಕೆ ಒಂದೊಂದು ಹಾಡು, ಎಲ್ಲ ಅವಳೇ ಕಟ್ಟಿದವು. ಅವ್ವ ಹರವ್ಯಾಳ ಅಗಸಿ, ಆಡು ತಿಂದೈತಿ ಬಗಸಿ ಬಗಸಿ. ಇಸ್ತ್ರಿ ಮೇಜಿನ ಪಕ್ಕ ಟೇಪ್ ಹಚ್ಚಿಕೊಂಡು ಬಾಯಿಪಾಠ ಮಾಡಿದೆ. ಮಸ್ಕತ್‌ನಲ್ಲಿ ಜೋಳ ಎಲ್ಲಿಂದ ತರಲಿ, ಅಕ್ಕಿ ಹರವಿದೆ. ಹುಡುಗಿ ನಕ್ಕು ನಕ್ಕು ಬರೆದಳು. ಎರಡು ತಿಂಗಳಲ್ಲಿ ಅಜ್ಜಿಗೆ ಫೋನಿನಲ್ಲಿ ಆಡಿನ ಹಾಡು ಹೇಳಿದಳು. ಅವಳ ತಾಯಿ ನನಗೆ ಚಹಾ ಕೊಟ್ಟು, “ಎಲ್ಲಿಂದ ಕಲಿತಿರಿ ಮೇಷ್ಟ್ರೇ ಇದನ್ನೆಲ್ಲ?” ಎಂದರು. “ಅನುಭವ” ಎಂದೆ.

ಆಮೇಲೆ ಒಂದು ಶುಕ್ರವಾರ ನಡೆದದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ತನ್ನ ಹಾಡನ್ನು ತುಂಬಿಸಿ ಕೇಳಬೇಕೆಂದು ಹುಡುಗಿ ಹಟ ಹಿಡಿದಿದ್ದಳೆಂದು ಟೇಪ್‌ರೆಕಾರ್ಡರ್ ತೆಗೆದುಕೊಂಡು ಹೋಗಿದ್ದೆ. ಅಕ್ಕನ ಕ್ಯಾಸೆಟ್ ಒಳಗೇ ಇತ್ತು; ಊರಿಗೆ ಹೋಗುವುದೆಂದು ಹುಡುಗಿಗೆ ಹೇಳಿದ್ದ ನನ್ನ ಕ್ಯಾಸೆಟ್ ಚೀಲದಲ್ಲಿತ್ತು. ಅವಳು ಗುಂಡಿ ಒತ್ತಿಯೇಬಿಟ್ಟಳು. ಹಾಡಿನ ನಡುವಿನಿಂದ ಅಕ್ಕನ ದನಿ ಮನೆ ತುಂಬ ಕೇಳಿತು. ಅಡುಗೆಮನೆಯಿಂದ ತಾಯಿ ಬಂದರು.

“ಅಯ್ಯೋ, ಯಾರಿದು? ಜಗಳ ಆಡ್ತಿದ್ದಾಳೋ ಹಾಡ್ತಿದ್ದಾಳೋ?” ಎಂದು ನಕ್ಕರು.

ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ನಮ್ಮ ಮಾತು ಕೇಳಿದ ಆ ಕಡೆಯವರು ನಗುವುದು ಹೊಸದಲ್ಲ. ಆದರೆ ನಾನೂ ನಕ್ಕೆ. ನಕ್ಕು, ಅವರದೇ ಧಾಟಿಯಲ್ಲಿ ಹೇಳಿದೆ: “ನಮ್ಮನೆ ಕೆಲಸದವಳು. ಹಳ್ಳಿ ಹಾಡು ಚೆನ್ನಾಗಿ ಹೇಳ್ತಾಳೆ ಅಂತ ತುಂಬಿಸಿಟ್ಟುಕೊಂಡಿದ್ದೀನಿ.”

ಚಹಾ ಕುಡಿಯಲು ಒಳಗೆ ಹೋದೆ. ನಾನು ಬರುವಷ್ಟರಲ್ಲಿ ಹುಡುಗಿ ಟೇಪಿನ ಮುಂದೆ ಕುಳಿತು ಏನೋ ಮಾತಾಡಿ ಮುಗಿಸಿದ್ದಳು. ನಾನು ಅಕ್ಕನಿಗಾಗಿ ತುಂಬಿಸಿಟ್ಟಿದ್ದ ಕ್ಯಾಸೆಟ್ಟಿನ ಕೊನೆಗೆ ಅವಳೂ ನಾಲ್ಕು ಮಾತು ಸೇರಿಸಿದ್ದಳು. ಕಾಕಾ ಅವತ್ತೇ ರಜೆಯ ಮೇಲೆ ಊರಿಗೆ ಹೊರಟಿದ್ದ. ಕೇಳಿ ನೋಡದೆ ಅವನ ಕೈಗೆ ಕೊಟ್ಟೆ.

ಕಾಕಾ ಎರಡು ತಿಂಗಳ ನಂತರ ಮರಳಿ ಬಂದ. ಚೀಲ ಬಿಚ್ಚಿ ಅಕ್ಕನ ಕ್ಯಾಸೆಟ್ ನನ್ನ ಹಾಸಿಗೆಯ ಮೇಲಿಟ್ಟ. ಯಾವಾಗಲೂ ಚೇಷ್ಟೆ ಮಾಡುವವನು ನನ್ನ ಕಡೆ ನೋಡದೆ ಬಟ್ಟೆ ಹೊರತೆಗೆಯತೊಡಗಿದ.

“ಯಾಕ ಕಾಕಾ?”

“ನಾನೂ ಅಲ್ಲೇ ಕುಂತಿದ್ನೆಪಾ, ನಿನ್ನ ಕ್ಯಾಸೆಟ್ ಹಚ್ಚಿದಾಗ. ಓಣಿ ಹೆಣ್ಮಕ್ಕಳು ಎಲ್ಲಾರೂ ಬಂದಿದ್ರು. ನಿನ್ನ ಮಾತು ಮುಗದಿಂದ ಆ ಹುಡುಗಿ ಮಾತಾಡ್ತು.” ಕಾಕಾ ಆ ಹುಡುಗಿಯ ಮಾತನ್ನು ಹಾಗೆಯೇ ಹೇಳಿದ: “ಕೆಲಸದವರೇ, ನಮಸ್ಕಾರ. ನಿಮ್ಮ ಹಾಡು ತುಂಬ ಚೆನ್ನಾಗಿದೆ. ಮೇಷ್ಟ್ರ ಮನೇಲಿ ಪಾತ್ರೆ ತೊಳೆದಾದ ಮೇಲೆ ನನಗೆ ಇನ್ನೊಂದು ಹಾಡು ಹೇಳಿ ಕಳಿಸ್ತೀರಾ?”

ನಾನು ಕುಳಿತೆ.

“ಅಕ್ಕ ಏನಂದ್ಳು?”

“ಬಾಜೂ ಮನಿಯಾಕಿ ಕೇಳಿದ್ಳು, ‘ಯಾರಿಗೆ ಅನ್ನಾಕತ್ತೈತ್ರಿ ಅಕ್ಕೋರ, ಈ ಕೂಸು?’ ಅಂತ. ನಿಮ್ಮಕ್ಕ, ‘ಅಲ್ಲಿ ಯಾರರೆ ಕೆಲಸದಾಕಿ ಇರಬೇಕು ತಗೋ’ ಅಂದು ಟೇಪ್ ಬಂದ್ ಮಾಡಿದ್ಳು. ನನಗ ಇನ್ನೊಂದು ರೊಟ್ಟಿ ನೀಡಿದ್ಳು.” ಖಾಲಿ ಚೀಲ ಮಡಚುತ್ತ ಕಾಕಾ ಅಂದ, “ತಾಯಿ ಇದ್ಧಾಂಗ ಲೇ ಆಕಿ. ಬಾಯಿ ಹೆಂಗ ಬಂತು ನಿನಗ?”

ಅವನು ಹೊರಗೆ ಹೋದ ಮೇಲೆ ಕ್ಯಾಸೆಟ್ ಹಚ್ಚಿದೆ. ‘ತಮ್ಮಾ, ಊಟ ಆತೇನು’ ಇರಲಿಲ್ಲ. ನನಗೆಂದು ಒಂದು ಮಾತೂ ಇರಲಿಲ್ಲ.

“ತಂಗಿ, ನಾ ಮಾಸ್ತರ ಮನಿ ಕೆಲಸದಾಕಿ ಮಾತಾಡಾಕತ್ತೇನಿ. ಭಾಂಡೆ ತೊಳದು ಈಗ ಕುಂತೇನವ್ವಾ. ನೀ ತಾಟು ತಗೊಂಡು ಕುಂದ್ರು, ಹೊಸಾ ಹಾಡು ಹೇಳ್ತೇನಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಹೇಳುವಾಗ ಅವಳ ದನಿ ಹೇಗಿರುತ್ತದೋ ಹಾಗೇ ಇತ್ತು. ನನ್ನ ಸುಳ್ಳು ಆ ಮನೆಯಲ್ಲಿ ಬಯಲಾಗದಂತೆ ಅವಳೇ ಕಾಪಾಡಿದ್ದಳು.

ಆಗಲಾದರೂ ನಾನು ಹೋಗಿ ಹೇಳಬೇಕಿತ್ತು. ಇವಳು ನನ್ನ ಅಕ್ಕ, ನಾನು ಕಲಿಸಿದ್ದೆಲ್ಲ ಇವಳದು ಎಂದು. ಮುಂದಿನ ಶುಕ್ರವಾರ ದಾರಿಯುದ್ದಕ್ಕೂ ಆ ಮಾತನ್ನೇ ಹೊಂದಿಸಿಕೊಂಡು ಹೋದೆ. ಬಾಗಿಲು ತೆಗೆದ ಹುಡುಗಿ, “ಮೇಷ್ಟ್ರು ಬಂದ್ರು!” ಎಂದು ಕುಣಿದಳು. ನಾನು ಕ್ಯಾಸೆಟ್ ಹಚ್ಚಿದೆ. ‘ಮಾಸ್ತರ ಮನಿ ಕೆಲಸದಾಕಿ’ ಎಂದು ಅಕ್ಕ ಹೇಳಿದಾಗ ಹುಡುಗಿ ಚಪ್ಪಾಳೆ ತಟ್ಟಿದಳು. ಅವಳ ತಾಯಿ, “ಪಾಪ, ಒಳ್ಳೆ ಹೆಂಗಸು” ಎಂದರು. ನಾನು ತಾಟಿನ ಅಕ್ಕಿಯನ್ನು ಸರಿಮಾಡುತ್ತ ಕುಳಿತೆ.

ಮೊದಲನೇ ಸಲ ಬಾಯಿ ತಪ್ಪಿತು ಎಂದುಕೊಳ್ಳಬಹುದು. ಎರಡನೇ ಸಲದ್ದಕ್ಕೆ ನನ್ನಲ್ಲಿ ಯಾವ ನೆವವೂ ಇಲ್ಲ.

ಮರುವರ್ಷ ರಜೆಯ ಮೇಲೆ ಸಿಂದಗಿಗೆ ಹೋದೆ. ಬಸ್ಸಿಳಿದು ಓಣಿಗೆ ಕಾಲಿಟ್ಟಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹುಟ್ಟಿದಾಗಿನಿಂದ ಬಾ, ಹೋಗು, ಲೇ ಎಂದೇ ಕರೆದವಳು, “ಬರ್ರಿ, ಕೈಕಾಲು ತೊಳಕೋರಿ” ಎಂದಳು. ತಮಾಷೆ ಇರಬಹುದೆಂದು ಮುಖ ನೋಡಿದೆ. ತಮಾಷೆಯಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ನನಗೆ ಸೇರುವುದೆಲ್ಲವನ್ನೂ ಮಾಡಿದ್ದಳು. ಕ್ಷಮಿಸು ಎಂಬ ಮಾತನ್ನು ರೊಟ್ಟಿಯ ಜೊತೆ ನುಂಗಿದೆ.

“ಆ ಹುಡುಗಿ ಈಗ ಓದ್ತಾಳೇನ್ರಿ?” ಎಂದು ಕೇಳಿದಳು.

“ಓದ್ತಾಳಕ್ಕಾ.”

“ಚೊಲೊ ಆತು.”

ಉಂಡ ತಾಟನ್ನು ನಾನೇ ಎತ್ತಿಕೊಂಡು ಬಚ್ಚಲ ಕಡೆ ಹೋದೆ. ಇಷ್ಟಾದರೂ ಮಾಡೋಣ ಎಂದು ಬೂದಿಗೆ ಕೈ ಹಾಕಿದ್ದೆ. ಹಿಂದಿನಿಂದ ಬಂದಳು.

“ಅಲ್ಲೇ ಇಡ್ರಿ. ಅದು ನನ್ನ ಕೆಲಸ.”

ಇಲ್ಲ, ನಾನೇ ತೊಳೆಯುತ್ತೇನೆ ಎನ್ನಬಹುದಿತ್ತು. ಇಟ್ಟುಬಿಟ್ಟೆ.