ಶಿವನಂಜಮ್ಮ ಯಾವ ಗುಂಪು?

ಲಕ್ಷ್ಮೀಪುರಂನ ನನ್ನ ತವರುಮನೆಗೆ ಬಾಣಂತನದ ಮೂರು ತಿಂಗಳೂ ಪಾಪುವಿಗೆ ಎಣ್ಣೆ ತೀಡಿ ನೀರು ಹಾಕಲು ಬಂದವರು ಶಿವನಂಜಮ್ಮ. ನಮ್ಮ ಬೀದಿಯ ಅರ್ಧ ಮಕ್ಕಳು ಅವರ ಕಾಲಮೇಲೆ ಮಲಗಿ ಬೆಳೆದವರೇ. ಈಗ ಅವರೆದುರೇ ಬೈಕಿನಲ್ಲಿ ಹಾರ್ನ್ ಹೊಡೆದು ಹೋಗುತ್ತಾರೆ, ಗುರುತಿಲ್ಲ. ಯಾರ ಬೆನ್ನಮೇಲೆ ಎಲ್ಲಿ ಮಚ್ಚೆಯಿತ್ತು ಎನ್ನುವುದು ಇವರಿಗೆ ಮಾತ್ರ ನೆನಪು. ಸ್ವಂತ ಮಕ್ಕಳಾಗಲಿಲ್ಲ. ಗಂಡ ಮಂಟಯ್ಯ ದೇವರಾಜ ಮಾರುಕಟ್ಟೆಯಲ್ಲಿ ಬಾಳೆಎಲೆ ಮಾರುತ್ತಾರೆ.

ನಿನ್ನೆ ಕೊನೆಯ ಸ್ನಾನ. ಇವತ್ತು ನಾನು ಮಗುವಿನೊಂದಿಗೆ ಮಂಡ್ಯಕ್ಕೆ, ಗಂಡನ ಮನೆಗೆ ಹೊರಟಿದ್ದೇನೆ.

ಬಚ್ಚಲಲ್ಲಿ ಅವರು ಪಾಪುವನ್ನು ಬೋರಲು ಮಲಗಿಸಿಕೊಂಡು ಬೆನ್ನುಮೂಳೆಯ ಉದ್ದಕ್ಕೂ ಎಣ್ಣೆ ನೀವುತ್ತಿದ್ದರು.

"ಮೆಲ್ಲಗೆ, ಶಿವನಂಜಮ್ಮ," ಎಂದೆ, ಎಂದಿನಂತೆ.

"ಮುರ್ದೋಯ್ತದಾ? ಬುಡಿ ಕಣವ್ವ," ಎಂದರು, ಎಂದಿನಂತೆ.

ಬಾಗಿಲಲ್ಲಿ ಅಕ್ಕನ ಮಗಳು ಸಮನ್ವಿತಾ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ಬೆನ್ನುಮೂಳೆ ಇರುವುವೆಲ್ಲ ಕಶೇರುಕಗಳು. ಅವುಗಳಲ್ಲಿ ಮರಿಗೆ ಹಾಲೂಡಿಸುವುವು ಮಾತ್ರ ಸಸ್ತನಿಗಳು.

"ಮೀನು?" ಶಿವನಂಜಮ್ಮ ಕೇಳಿದರು.

"ಮೂಳೆ ಇದೆ, ಹಾಲಿಲ್ಲ ಅಜ್ಜಿ. ಬರೀ ಕಶೇರುಕ."

"ಕಾಗೆ?"

"ಅದೂ ಅಷ್ಟೇ."

"ನಮ್ ಪಾಪು?"

"ಎರಡೂ!"

"ಅಂಗಾರೆ ನಾನು ಮೀನಿನ್ ಕಡೆನೋ, ಪಾಪು ಕಡೆನೋ? ಯಾರ್ಗೂ ಹಾಲು ಕುಡಿಸ್ಲಿಲ್ವಲ್ಲ."

ಸಮನ್ವಿತಾ ಪುಟ ತಿರುವಿದಳು. ಪುಸ್ತಕದಲ್ಲಿ ಅದಿರಲಿಲ್ಲ. ನನ್ನ ಮುಖ ನೋಡಿದಳು.

"ಪಾಪು ಕಡೆನೇ," ಎಂದೆ. "ಸಸ್ತನಿ ಅನ್ನೋದು ಇಡೀ ಗುಂಪಿನ ಹೆಸರು, ಶಿವನಂಜಮ್ಮ. ಕುಡಿಸಿದ್ರೂ ಅಷ್ಟೇ, ಕುಡಿಸದೇ ಇದ್ರೂ ಅಷ್ಟೇ. ಗಂಡಸರೂ ಸಸ್ತನಿಗಳೇ."

"ನಮ್ ಯಜಮಾನ್ರೂವಾ? ಆ ಮೀಸೆ ಇಟ್ಕೊಂಡು?" ಎಂದು ಮೈ ಕುಲುಕಿಸಿ ನಕ್ಕರು. ನಗು ಬೇಗ ನಿಂತಿತು.

ನೀರು ಹಾಕಿ ಎತ್ತಿಕೊಂಡಾಗ ಪಾಪು ದಿನದಂತೆ ಅವರ ಎದೆಗೆ ಮುಖ ಒತ್ತಿ ಬಾಯಲ್ಲಿ ತಡಕಾಡಿದ. "ಇಲ್ಲೇನಿಲ್ಲ ಕಣೋ ಕಳ್ಳ, ನಿಮ್ಮವ್ವನತ್ರ ಓಗು," ಎಂದು ತಕ್ಷಣ ನನ್ನ ಕೈಗಿಡುವುದು ಅವರ ರೂಢಿ. ನಿನ್ನೆಯೂ ಹಾಗೇ ಅಂದರು. ಆದರೆ ಕೊಡಲಿಲ್ಲ. ಒದ್ದೆ ತಲೆಗೆ ತಮ್ಮ ಸೆರಗು ಸುತ್ತಿ, ಅವನನ್ನು ಅಲ್ಲೇ ಒತ್ತಿ ಹಿಡಿದು ಕಣ್ಣು ಮುಚ್ಚಿದರು.

ಶೀತವಾದೀತು, ಕಿವಿಗೆ ನೀರು ಹೋಗಿದ್ದರೆ, ಹಸಿವಿಗೆ ಬಿಕ್ಕಳಿಕೆ ಹತ್ತಿದರೆ... ನನ್ನ ತಲೆ ಸುಮ್ಮನಿರುವುದೇ ಇಲ್ಲ. ಎದೆ ತುಂಬಿ ಬಂದು ರವಿಕೆ ಒದ್ದೆಯಾಗುತ್ತಿತ್ತು. ಆದರೂ ಕೈ ಚಾಚದೆ, ಅವರಾಗಿ ಕೊಡಲಿ ಎಂದು, ಟವೆಲ್ ಹಿಡಿದುಕೊಂಡು ನಿಂತೇ ಇದ್ದೆ.