ಖಾಲಿಯಾಗಿ ಬರುತ್ತಿದ್ದ ಡಬ್ಬಿ

ಕೋವಿಡ್ ಕಾಟ ಕಳೆದು ಚರ್ಚಿನ ಬೆಂಚುಗಳು ಮತ್ತೆ ತುಂಬತೊಡಗಿದ ವರ್ಷ ನಾನು ರಾಣೇಬೆನ್ನೂರಿನ ಸಣ್ಣ ಸಭೆಯೊಂದಕ್ಕೆ ಸಭಾಪಾಲಕನಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಗಂಡ-ಹೆಂಡಿರ ಜಗಳ ಸಾಕಷ್ಟು ಬಿಡಿಸಿದ್ದೆ. ಇನ್ನು ಹೊಸದೇನು ಬರುತ್ತದೆ ಎಂದುಕೊಂಡಿದ್ದೆ.

ನಮ್ಮಲ್ಲಿ ತಿಂಗಳಿಗೊಮ್ಮೆ ಕರ್ತನ ಭೋಜನವಿರುತ್ತದೆ. ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ. ಯಾರ ಮೇಲಾದರೂ ಮುನಿಸಿದ್ದರೆ ಮೊದಲು ರಾಜಿಯಾಗಿ ಬರಬೇಕೆಂಬುದು ಕಟ್ಟಳೆ. ಆ ಭಾನುವಾರ ದಾನಪ್ಪ ಒಬ್ಬನೇ ಬಂದು ಮಂಡಿಯೂರಿದ. ಎಂದೂ ಅವನ ಪಕ್ಕ ತಪ್ಪಿಸದ ಹೆಂಡತಿ ಕರುಣವ್ವ ಬೆಂಚು ಬಿಟ್ಟು ಏಳಲಿಲ್ಲ.

ಆರಾಧನೆ ಮುಗಿದ ಮೇಲೆ ಅವಳನ್ನು ಕರೆದು ಕೇಳಿದೆ.

“ಇವರು ದಿನಾ ಮಧ್ಯಾಹ್ನ ಬ್ಯಾಡಗ್ಯಾಗ ಇನ್ನೊಬ್ಬಾಕಿ ಮನ್ಯಾಗ ಉಣ್ಣಾಕತ್ತಾರ್ರಿ, ಅಯ್ಯನವರ. ನಾ ಹೊಸರಿತ್ತಿಗೆ, ತವರಮನಿಗೆ ಹೊಂಟೇನಿ.”

ದಾನಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತ. ಕರುಣವ್ವ ದಿನಾ ಬೆಳಿಗ್ಗೆ ರೊಟ್ಟಿ ಬಡಿದು, ಹಿಂಡಿ ಎಂಬ ಕೆಂಪು ಮೆಣಸಿನಕಾಯಿಯ ಚಟ್ನಿ ಅರೆದು ಡಬ್ಬಿ ಕಟ್ಟುವವಳು. ಸಂಜೆ ಡಬ್ಬಿ ಖಾಲಿಯಾಗಿ ಬಂದರೆ ಅವಳಿಗೆ ಹಿಗ್ಗೋ ಹಿಗ್ಗು. ಹಿಂದಿನ ವಾರ ಹಾವೇರಿಯ ಮದುವೆಯೊಂದರಲ್ಲಿ ಪೇಟೆಯ ಹಮಾಲನೊಬ್ಬ ಎದುರಾಗಿ, “ನಿಮ್ಮ ಹಿಂಡಿ ಭಾರಿ ಇರತೈತ್ರಿ ಅಕ್ಕಾರ, ಡಬ್ಬಿ ನಾವ ಖಾಲಿ ಮಾಡ್ತೇವಿ. ದಾನಪ್ಪಣ್ಣಾರು ಶಾಂತಮ್ಮನ ಮನ್ಯಾಗ ಉಣತಾರ,” ಎಂದನಂತೆ. ಪಾಪ, ಅವನು ಹೊಗಳಲು ಬಂದವನು.

ಒಂದು ದಿನ ತಡೆಯಲು ಅವಳಿಗೆ ಹೇಳಿ, ಮರುದಿನವೇ ಬ್ಯಾಡಗಿಗೆ ಹೋದೆ. ದಾರಿಯುದ್ದಕ್ಕೂ ವ್ಯಭಿಚಾರದ ಮೇಲೆ ಖಡಕ್ಕಾದ ಬೋಧನೆ ಸಿದ್ಧಮಾಡಿಕೊಂಡಿದ್ದೆ. ಪೇಟೆಯ ಘಾಟಿಗೆ ಸೀನುತ್ತ, ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಶಾಂತಮ್ಮನ ಮನೆ ಹುಡುಕಿದೆ. ಬಾಗಿಲು ತೆರೆದವಳು ಬಾಗಿದ ಬೆನ್ನಿನ ಅಜ್ಜಿ. ಪಡಸಾಲೆಯಲ್ಲೇ ನಾಲ್ಕಾರು ಜನಕ್ಕೆ ಊಟ ಹಾಕಿ ಬದುಕುವವಳು. ದಾನಪ್ಪ ಮೂಲೆಯಲ್ಲಿ ಕೂತು ಮೊಸರನ್ನ ಕಲಸುತ್ತಿದ್ದ. ನನ್ನ ಬೋಧನೆ ಟವೆಲ್ಲಿನಲ್ಲೇ ಉಳಿಯಿತು.

“ಹೊಟ್ಯಾಗ ಹುಣ್ಣಾಗೇತ್ರಿ. ಖಾರ ಮುಟ್ಟಬ್ಯಾಡ ಅಂದಾರ ಹಾವೇರಿ ಡಾಕ್ಟರು.”

“ಹೆಂಡ್ತಿಗೆ ಯಾಕ ಹೇಳ್ಲಿಲ್ಲೋ?”

“ಹೆಂಗ ಹೇಳ್ಲಿರಿ? ಮದುವ್ಯಾದ ಹೊಸದಾಗಿ, ನಿನ್ನ ಹಿಂಡಿ ಇಲ್ಲದ ನನಗ ತುತ್ತು ಇಳಿಯೂದಿಲ್ಲ ಅಂದಿದ್ದೆ. ಅವತ್ತಿಂದ ಒಂದಿನಾನೂ ತಪ್ಪಿಸಿಲ್ಲ ಆಕಿ. ರಾತ್ರಿ ಹಸಿವಿಲ್ಲ ಅಂತೇನಿ, ಹಾಲು ಕುಡದು ಮಲಗ್ತೇನಿ.”

ನನಗೆ ನಗುವೂ ಬಂತು, ಮರುಕವೂ ಹುಟ್ಟಿತು. ಆದರೂ ಬಿಡಲಿಲ್ಲ. “ಗಂಡ-ಹೆಂಡ್ತಿ ಇಬ್ಬರೂ ಒಂದ ಶರೀರ ಅಂತ ಸತ್ಯವೇದ ಹೇಳತೈತಿ. ಹಂಗಾದ್ರ ಆ ಹೊಟ್ಟಿ ನಿಂದೊಬ್ಬಂದಲ್ಲ, ಆಕೀದೂ ಹೌದು. ಆಕೀದನ್ನ ಆಕೀಗೆ ಮುಚ್ಚಿಟ್ಟೀದಿ. ನಡಿ, ಇವತ್ತ ಹೇಳು.”

ಸಂಜೆ ಅವರ ಮನೆಗೆ ಹೋದಾಗ ಕರುಣವ್ವನ ಚೀಲ ಬಾಗಿಲಲ್ಲೇ ಇತ್ತು. ದಾನಪ್ಪ ತಡವರಿಸುತ್ತ ಎಲ್ಲವನ್ನೂ ಹೇಳಿದ. ಇನ್ನು ನಕ್ಕುಬಿಡುತ್ತಾಳೆ ಎಂದುಕೊಂಡೆ. ಅವಳು ಸೆರಗು ಬಾಯಿಗಿಟ್ಟು ಅತ್ತಳು.

“ನೀವು ಹೊರಗ ಉಂಡಿದ್ದಕ್ಕ ನನಗ ಸಿಟ್ಟಿಲ್ಲ. ನಿಮ್ಮ ಹೊಟ್ಟಿ ಉರೀತಿತ್ತು ಅನ್ನೂದು ಆ ಅಜ್ಜಿಗೆ ಗೊತ್ತೈತಿ. ನನಗೊಬ್ಬಾಕಿಗೆ ಗೊತ್ತಿಲ್ಲ, ದಿನಾ ನಿಮಗ ಖಾರಾ ಅರದ ಹಾಕೇನಿ.”

ದಾನಪ್ಪ ಅವಳ ಕೈ ಹಿಡಿದುಕೊಂಡ. “ತಪ್ಪಾತು,” ಎಂದಷ್ಟೇ ಹೇಳಿದ. ಅವಳು ಎದ್ದು ಚೀಲ ಒಳಗಿಟ್ಟು, ಅನ್ನಕ್ಕೆ ಅಕ್ಕಿ ತೊಳೆದಳು.

ಮುಂದಿನ ತಿಂಗಳು ಇಬ್ಬರೂ ಜೊತೆಯಲ್ಲೇ ಮಂಡಿಯೂರಿದರು. ಹೊರಗೆ ಸಿಕ್ಕಾಗ, “ಡಬ್ಬಿ ಹೆಂಗೈತೋ ಈಗ?” ಎಂದು ಕೆಣಕಿದೆ. ಅವನು ಹೆಂಡತಿಯ ಮುಖ ನೋಡಿ, “ಖರೇ ಹೇಳ್ಲೇನ್ರಿ? ಭಾಳ ಸಪ್ಪಗ,” ಎಂದ. ಕರುಣವ್ವ ಬಿದ್ದು ಬಿದ್ದು ನಕ್ಕಳು. ಹಮಾಲರಿಗೆಂದು ಹಿಂಡಿಯ ಸಣ್ಣ ಡಬ್ಬಿಯೊಂದನ್ನು ಈಗಲೂ ಬೇರೆಯಾಗಿ ಕಳಿಸುತ್ತಾಳಂತೆ.

ನಿಷ್ಠೆಯೆಂದರೆ ಪರರ ಮನೆಗೆ ಹೋಗದಿರುವುದು ಎಂದಷ್ಟೇ ಅದುವರೆಗೆ ಬೋಧಿಸುತ್ತಿದ್ದೆ. ಈಗ ಮದುವೆಗೆ ಮುಂಚೆ ಮಾತಾಡಿಸಲು ಬರುವ ಜೋಡಿಗಳಿಗೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ: “ನಿಮಗೆ ನೋವಾದರೆ ಮೊದಲು ಯಾರಿಗೆ ಗೊತ್ತಾಗಬೇಕು?”