ಬುರೆಕ್‌ಗೆ ಹೊಲಿದ ಕೌದಿ

ಗದಗಿನಿಂದ ಬಸವನಗುಡಿಗೆ ಬಂದ ಮೊದಲ ವಾರವೇ ಎದುರುಮನೆಯ ವಿಶಾಲಾಕ್ಷಮ್ಮ, "ಸಂಜೆ ನಮ್ಮನೆಗೆ ಬಂದ್ಬಿಡಿ, ಹುಟ್ಟುಹಬ್ಬ ಇದೆ" ಎಂದು ಕರೆದರು. ಯಾವುದೋ ಕೂಸಿನದಿರಬೇಕೆಂದು ಕುಲಾವಿ ಹಿಡಿದು ಹೋದೆ. ನೋಡಿದರೆ ಟೀವಿ ತುಂಬ ಕಿವಿ ಹರಿದ ಒಂದು ನಾಯಿಯ ಫೋಟೋ! ಅದರ ಹೆಸರಿನಲ್ಲಿ ಹೆಂಗಸರೆಲ್ಲ ಕೇಸರಿಬಾತ್ ತಿನ್ನುತ್ತಿದ್ದರು.

"ಇವನೇ ಬುರೆಕ್. ಪೋಲೆಂಡಲ್ಲಿದಾನೆ" ಎಂದರು ವಿಶಾಲಾಕ್ಷಮ್ಮ. ಅವರ ಮಗಳು ಅಲ್ಲಿ ನರ್ಸ್, ರಜಾದಿನ ಬೀದಿನಾಯಿಗಳ ಆಶ್ರಯಧಾಮದಲ್ಲಿ ಸೇವೆ. ಯಾರೋ ಬೇಲಿಗೆ ಕಟ್ಟಿ ಬಿಟ್ಟುಹೋಗಿದ್ದ ಬುರೆಕ್‌ನ ಖರ್ಚನ್ನು ಈ ಗೆಳತಿಯರು ಕೂಡಿ ಕಳಿಸುತ್ತಿದ್ದರು. ಅವನು ಸಿಕ್ಕ ದಿನವೇ ಹುಟ್ಟುಹಬ್ಬವಂತೆ.

ನನಗೆ ಸಿಟ್ಟೇ ಬಂತು. "ಗಾಂಧಿ ಬಜಾರದಾಗ ನಾಯಿಗೆ ಬರಗಾಲ ಏನ್ರಿ? ಊರಿಗೆ ಉಪಕಾರಿ, ಮನಿಗೆ ಮಾರಿ ಅಂದಂಗಾತು!" ಎಂದುಬಿಟ್ಟೆ.

"ಇವ್ರು ಜಗಳ ಆಡ್ತಿದಾರಾ?" ಎಂದು ಒಬ್ಬಾಕೆ ಪಿಸುಗುಟ್ಟಿದರು. ವಿಶಾಲಾಕ್ಷಮ್ಮ ನಕ್ಕು ಗೇಟಿನ ಹೊರಗೆ ತೋರಿಸಿದರು. ಬೀದಿನಾಯಿಗಳು ಅವರಿಟ್ಟ ಅನ್ನವನ್ನು ನೆಕ್ಕುತ್ತಿದ್ದವು. "ಇವು ಕರೆದ್ರೆ ಬರ್ತವೆ ಕಣ್ರೀ. ಬುರೆಕ್ ಮನುಷ್ಯರನ್ನ ಕಂಡ್ರೆ ಮೂಲೆ ಸೇರ್ಕೊಳ್ತಾನೆ. ಹಿಂಗೇ ಇದ್ರೆ ಅವನ್ನ ಯಾರು ಮನೆಗೆ ಕರ್ಕೊಂಡ್ ಹೋಗ್ತಾರೆ?"

ನಾನೂ ಮೂಲೆ ಸೇರಿದವಳೇ. ಊರಲ್ಲಿ ಬಾಗಿಲು ತೆರೆದರೆ ಮಾತು, ಇಲ್ಲಿ ಮಾತಿಗೂ ಮೊದಲು ಕಾಲಿಂಗ್ ಬೆಲ್. ಸಾರಿಗೂ ಬೆಲ್ಲ! ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ಮ್ಯಾನೇಜರ್ ಆದ ಗಂಡ ಬೆಳಿಗ್ಗೆ ಹೋದರೆ, ಸಂಜೆವರೆಗೆ ನನಗೆ ಗೋಡೆಯೇ ಗತಿ.

"ಚಳಿದೇಶದ ನಾಯಿಗೆ ಕೌದಿ ಹೊಲ್ದು ಕೊಡ್ತೀನ್ರಿ" ಎಂದೆ. ಹಳೆ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿಯುವ ನಮ್ಮ ಕಡೆಯ ಹೊದಿಕೆ ಅವರಿಗೆ ಹೊಸದು. ಸೀರೆ, ಸೂಜಿ ಹಿಡಿದು ಎಲ್ಲರೂ ನಮ್ಮ ಮನೆಗೇ ಬಂದರು. ನನ್ನ ಗಟ್ಟಿದನಿಗೂ ಒಗ್ಗಿಕೊಂಡರು. ಮುಗಿದ ಕೌದಿಯನ್ನು ರಜೆಗೆ ಬಂದಿದ್ದ ವಿಶಾಲಾಕ್ಷಮ್ಮನ ಮಗಳು ಪೋಲೆಂಡಿಗೆ ಒಯ್ದಳು.

ಆಮೇಲೆ ನನಗೆ ನೆನಪಾಯಿತು. ಕೌದಿ ಹಸಿದಿರಬಾರದೆಂದು ನಮ್ಮಲ್ಲಿ ಕೊನೆಯ ತೇಪೆಯೊಳಗೆ ರೊಟ್ಟಿಯ ತುಂಡಿಟ್ಟು ಹೊಲಿಯುವುದುಂಟು. ರೂಢಿಯಲ್ಲಿ ಇಟ್ಟುಬಿಟ್ಟಿದ್ದೆ! "ಅಯ್ಯ ನಮ್ಮವ್ವ, ನಾಯಿ ಹಾಸಿಗ್ಯಾಗ ರೊಟ್ಟಿ ಇಟ್ಟೀನಿ. ಹರಿದು ಚಿಂದಿ ಮಾಡ್ತೈತಿ" ಎಂದು ವಿಶಾಲಾಕ್ಷಮ್ಮನ ಮುಂದೆ ಗೋಳಾಡಿದೆ.

ಹರಿದೇಬಿಟ್ಟ. ಮಗಳು ಕಳಿಸಿದ ವಿಡಿಯೋದಲ್ಲಿ ಬುರೆಕ್ ಕೌದಿಯನ್ನೆಲ್ಲ ಮೂಸಿ, ಆ ಮೂಲೆಯನ್ನೇ ಕಿತ್ತು, ಜೋಳದ ರೊಟ್ಟಿಯನ್ನು ಕರುಂ ಕುರುಂ ತಿಂದ. ಆಮೇಲೆ ತಾನಾಗಿಯೇ ಎದ್ದುಬಂದು ಅವಳ ಅಂಗೈ ಮೂಸಿದ. ಇನ್ನಷ್ಟು ಕೊಡು ಎಂದು! "ಬಂದ ಕಣ್ರೀ, ಬಂದ!" ಎಂದು ವಿಶಾಲಾಕ್ಷಮ್ಮ ನನ್ನನ್ನು ತಬ್ಬಿ ಅತ್ತರು. ನಾನೂ ಅತ್ತೆ.

ಈಗ ಬುರೆಕ್‌ಗೆ ಒಂದು ಮನೆ ಸಿಕ್ಕಿದೆ. ಹರಿದ ಕೌದಿಯನ್ನು ಕಚ್ಚಿಕೊಂಡೇ ಹೋದನಂತೆ.

ಮೊನ್ನೆ ನನಗೊಂದು ಕೌದಿ ಹೊಲಿದೆವು. ಅದರಲ್ಲಿ ಅವ್ವನ ಇಳಕಲ್ ಸೀರೆಯೂ ಇದೆ, ಈ ಬೀದಿಯವರ ಸೀರೆಗಳೂ ಇವೆ. ಊರಿನ ನೆನಪಿಗೆ ಕಣ್ಣು ತುಂಬಿಬಂತು. ಕೊನೆಯ ತೇಪೆಗೆ ರೊಟ್ಟಿಯ ಚೂರಿಟ್ಟು ಸೂಜಿ ಎತ್ತಿದೆ.

"ತಡೀರಿ" ಎಂದು ವಿಶಾಲಾಕ್ಷಮ್ಮ ತಮ್ಮ ಮನೆಗೆ ಹೋಗಿ, ಕೋಡುಬಳೆ ಮುರಿದು ತಂದು ಅದರ ಪಕ್ಕದಲ್ಲಿಟ್ಟರು.